ಸೊಸೆಗೆ ಬಿದ್ದ ಕೆಂಪು ಸುತ್ತು

ಯಲ್ಲಾಲಿಂಗನಿಗೆ ಆ ವರ್ಷ ಒಂದು ಹೊಸ ಚಟ ಹತ್ತಿತ್ತು. ವಿಡಿಯೊದಲ್ಲಿ ಕಂಡಕಂಡದ್ದಕ್ಕೆಲ್ಲ ಸುತ್ತು ಹಾಕುವುದು. ಗೋಕಾಕದ ಒಂದು ಸ್ಟುಡಿಯೊದಲ್ಲಿ ಮದುವೆ, ಸೀಮಂತ, ಗೃಹಪ್ರವೇಶಗಳ ವಿಡಿಯೊ ಕತ್ತರಿಸಿ ಜೋಡಿಸುವುದು ಅವನ ಕೆಲಸ. ಅಲ್ಲಿನ ಕಂಪ್ಯೂಟರಿಗೆ ಹಾಕಿಸಿದ ಹೊಸ ಸಾಫ್ಟ್‌ವೇರಿನಲ್ಲಿ ಒಂದು ಕರಾಮತ್ತಿತ್ತು. ಯಾವುದಾದರೂ ವಸ್ತುವಿನ ಸುತ್ತ ಗೆರೆ ಎಳೆದು ಗುಂಡಿ ಒತ್ತಿದರೆ ಸಾಕು, ಅದು ಹೋದಲ್ಲೆಲ್ಲ ಗೆರೆಯೂ ಬೆನ್ನು ಹತ್ತಿ ಹೋಗುತ್ತಿತ್ತು. ಬಾಣ ಬೇಕೆಂದರೆ ಬಾಣ, ಹೆಸರು ಬೇಕೆಂದರೆ ಹೆಸರು. ಕೊಣ್ಣೂರಿನ ಹುಡುಗರ ಕಬಡ್ಡಿ ಪಂದ್ಯದಲ್ಲಿ ರೇಡಿಗೆ ಹೋಗುವವನ ಕಾಲಿಗೆ ಹಳದಿ ಸುತ್ತು ಹಾಕಿ ಬಿಟ್ಟಾಗ ಊರೆಲ್ಲ ಅವನ ಬೆನ್ನು ತಟ್ಟಿತು. ಮನೆಯ ಎಮ್ಮೆಗೆ ಸುತ್ತು ಹಾಕಿ, ಮೇಲೆ ‘ಶಿದ್ಲಿಂಗಪ್ಪನ ಹಿರೇ ಸೊಸಿ’ ಎಂದು ಬರೆದು ತೋರಿಸಿದಾಗ ಗಂಟುಮುಖದ ಅಪ್ಪನೂ ನಕ್ಕುಬಿಟ್ಟಿದ್ದ. ರೊಟ್ಟಿ ಬಡಿಯುತ್ತಿದ್ದ ಖರೆಯ ಹಿರೇ ಸೊಸೆ ಸರಿತಾ ಎದ್ದು ಬಂದು ಹಿಟ್ಟಿನ ಕೈಯಿಂದಲೇ ಮೈದುನನ ತಲೆಗೆ ಮೊಟಕಿದ್ದಳು.

ಅಂಥ ಮನೆ ಅದು. ಹಿತ್ತಿಲಲ್ಲಿ ಎಮ್ಮೆ, ಹೊಲದಲ್ಲಿ ಕಬ್ಬು, ಉಣ್ಣಲು ಕುಳಿತರೆ ಐದು ತಾಟು. ಆರನೆಯದು ಬರಲಿಲ್ಲವೆಂಬುದೇ ಅತ್ತೆ ಮುದಕವ್ವನ ಕೊರಗು. ಹಿರಿಯ ಮಗ ಶಿವಪುತ್ರನಿಗೆ ಮೂಡಲಗಿ ಕಡೆಯ ಮಸಗುಪ್ಪಿಯಿಂದ ಸರಿತಾಳನ್ನು ತಂದುಕೊಂಡು ವರ್ಷಗಳೇ ಆಗಿದ್ದವು. ತೊಟ್ಟಿಲು ಮಾತ್ರ ಅಟ್ಟದಿಂದ ಇಳಿದಿರಲಿಲ್ಲ.

ಬೇಸಿಗೆಯಲ್ಲಿ ಹುಕ್ಕೇರಿಯಲ್ಲಿ ಮುದಕವ್ವನ ತಮ್ಮ ಕಾಶಿನಾಥನ ಮಗಳು ಮಾಯಾಳ ಮದುವೆ ಆಯಿತು. ಕಾಶಿನಾಥ ಕಾಳುಕಡಿಯ ವ್ಯಾಪಾರಸ್ಥ. ನಾಲ್ಕು ಮಂದಿ ಕುಳಿತಲ್ಲಿ ಅವನದೇ ಮಾತು ನಡೆಯಬೇಕು. ವಿಡಿಯೊ ಕೆಲಸ ಯಲ್ಲಾಲಿಂಗನದೇ. ಮದುಮಗಳ ಶೃಂಗಾರ ಹಿಡಿಯಲೆಂದು ಒಳಕೋಣೆಯಲ್ಲಿ ಒಂದು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಚ್ಚಿ ಬಿಟ್ಟಿದ್ದ. ಮದುವೆ ಛಂದಾಗಿ ಮುಗಿಯಿತು, ಜನ ಹೋಳಿಗೆ ಉಂಡು ಹೊಗಳಿ ಹೋದರು. ಆದರೆ ಮಾಯಾಳ ಉಡಿ ತುಂಬುವ ತಾಟಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣಗಳ ಜೊತೆ ಇಟ್ಟಿದ್ದ ಬೋರಮಾಳ, ಅಂದರೆ ಚಿನ್ನದ ಗುಂಡುಗಳ ಆ ಹಳೆಯ ಸರ, ಕಾಣದಾಯಿತು.

ಕಾಶಿನಾಥ ಸ್ಟುಡಿಯೊಗೆ ಫೋನು ಮಾಡಿದ.

"ಯಲ್ಲಾಲಿಂಗ, ಮನಿ ಎಲ್ಲಾ ಜಾಲಾಡಿಸೇನಿ. ಇಲ್ಲ ಅಂದ್ರ ಇಲ್ಲ. ನಿನ್ನ ಕ್ಯಾಮೆರಾದಾಗ ನೋಡು. ಆ ತಾಟಿಗೆ ಯಾರು ಕೈ ಹಾಕ್ಯಾರ ಅವರಿಗೊಂದು ಸುತ್ತು ಹಾಕಿ ನನಗ ಕಳಸು."

"ಆತು ಮಾಮಾ, ಒಂದೀಟು ತಡಿ."

ಕೈಯಲ್ಲಿ ಬೇರೆ ಮದುವೆಗಳ ಕೆಲಸ ಬಿದ್ದಿತ್ತು. ಯಲ್ಲಾಲಿಂಗ ಆ ಕೋಣೆಯ ವಿಡಿಯೊವನ್ನು ಓಡಿಸಿ ನೋಡಿದ. ಒಬ್ಬ ಹೆಣ್ಣುಮಗಳು ತಾಟಿನ ಮುಂದೆ ಬಗ್ಗುತ್ತಾಳೆ, ಕೈ ತಾಟಿಗೆ ಹೋಗುತ್ತದೆ, ಮುಷ್ಟಿ ಮುಚ್ಚಿಕೊಂಡು ಉಡಿಗೆ ಬರುತ್ತದೆ. ಓರೆಯಾಗಿ ಬೆನ್ನು ಕ್ಯಾಮೆರಾದ ಕಡೆಗೆ, ತಲೆಯ ಮೇಲೆ ಸೆರಗು. ದೂರದಲ್ಲಿ ಸಣ್ಣಗೆ ಕಾಣುತ್ತಿದ್ದಳೆಂದು ಅವಳಷ್ಟನ್ನೇ ದೊಡ್ಡದು ಮಾಡಿದ, ಉಳಿದದ್ದನ್ನು ಕತ್ತರಿಸಿದ, ಕೈಗೆ ಕೆಂಪು ಸುತ್ತು ಹಾಕಿದ, ಮೇಲೊಂದು ಬಾಣ ಇಟ್ಟ. ಸಿಕ್ಕಿತಲ್ಲ ಎಂದು ಅಲ್ಲಿಗೇ ನಿಲ್ಲಿಸಿದ. ಮುಂದೇನಿದೆ ಎಂದು ನೋಡಲಿಲ್ಲ, ಕೈ ಯಾರದೆಂದೂ ನೋಡಲಿಲ್ಲ. ಕಬಡ್ಡಿ ಆಡುವವನ ಕಾಲೂ ಒಂದೇ, ಎಮ್ಮೆಯೂ ಒಂದೇ, ಹೆಣ್ಣುಮಗಳ ಕೈಯೂ ಒಂದೇ ಅವನಿಗೆ. ಮಾಮಾನಿಗೆ ಕಳಿಸಿ ಚಹಾ ಕುಡಿಯಲು ಇಳಿದು ಹೋದ.

ಕಾಶಿನಾಥ ಅದನ್ನು ಸೀದಾ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ‘ಈಕಿ ಯಾರು? ಗುರುತು ಹಿಡಿದವರು ತಿಳಿಸ್ರಿ.’

ಚಹಾ ಆರುವುದರೊಳಗೆ ಉತ್ತರ ಬಂತು. ‘ಗಿಳಿಹಸಿರು ಸೀರಿ, ಕೇಸರಿ ದಡಿ. ಕೊಣ್ಣೂರ ಸರಿತಾ ಅಲ್ಲೇನು?’

ಆ ಹೊತ್ತಿಗೆ ಕೊಣ್ಣೂರಿನಲ್ಲಿ ಸರಿತಾ ಗಂಡನಿಗೆ ತಾಟು ಹಾಕುತ್ತಿದ್ದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಶಿವಪುತ್ರ ಕಬ್ಬಿಗೆ ನೀರು ಕಟ್ಟಿ ಬಂದು ಕಾಲು ತೊಳೆದುಕೊಂಡು ಕುಳಿತವನು ಮೊದಲ ತುತ್ತಿಗೆ ಮೊದಲೇ ಮೊಬೈಲು ನೋಡಿದ. ತುತ್ತು ಕೈಯಲ್ಲೇ ಉಳಿಯಿತು.

"ಇದು ನೀನೇನು?"

ಸರಿತಾ ಬಗ್ಗಿ ನೋಡಿದಳು. ತನ್ನ ಸೀರೆ, ತನ್ನ ಕೈ, ಅದರ ಸುತ್ತ ರಕ್ತದಂಥ ಗೆರೆ. ಕೈ ಅಲುಗಿದಂತೆ ಗೆರೆಯೂ ಅಲುಗುತ್ತಿತ್ತು.

"ಹೂಂ, ನಾನ."

"ಉಡ್ಯಾಗ ಏನ್ ಹಾಕ್ಕೊಂಡಿ?"

ಸರಿತಾ ಅತ್ತೆಯ ಕಡೆ ನೋಡಿದಳು. ಮುದಕವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳ ಕೈ ನಿಂತಿತು, ತಲೆ ಮಾತ್ರ ಏಳಲಿಲ್ಲ.

"ಅದನ್ನ ಹೇಳಾಕ ಬರಂಗಿಲ್ಲ," ಅಂದಳು ಸರಿತಾ. "ಬೋರಮಾಳ ಅಲ್ರಿ. ಇಷ್ಟ ಹೇಳ್ತೀನಿ."

"ಹೇಳಾಕ ಬರಂಗಿಲ್ಲಂದ್ರ? ಊರ ಮಂದಿ ನೋಡಾಕತ್ತಾರ!"

"ನೋಡ್ಲಿ. ಕಳವು ಮಾಡಿಲ್ಲ ನಾನು."

"ಎಲ್ಲೆ ಇಟ್ಟಿ?"

ಸರಿತಾ ರೊಟ್ಟಿಯ ಬುಟ್ಟಿ ಮುಚ್ಚಿದಳು. ಶಿವಪುತ್ರ ಉಣ್ಣದೆ ಎದ್ದು ಹೋದ. ಹಾಕಿದ ತಾಟು ಹಾಗೇ ಇತ್ತು.

ಇನ್ನು ಓದುವವರಿಂದ ಮುಚ್ಚಿಡುವುದೇಕೆ? ಸರಿತಾ ಉಡಿಗೆ ಹಾಕಿಕೊಂಡದ್ದು ಒಂದು ಹಿಡಿ ಅಕ್ಕಿ, ಒಂದು ಅರಿಷಿಣ ಕೊಂಬು. ಮದುಮಗಳ ಉಡಿಯ ತಾಟಿನಿಂದ, ಕೇಳದೆ, ಪರರ ಕಣ್ಣಿಗೆ ಬೀಳದೆ ತೆಗೆದು ಉಡಿಗೆ ಕಟ್ಟಿಕೊಂಡರೆ ಬಂಜೆಗೂ ಬಸಿರು ನಿಲ್ಲುತ್ತದೆಂದು ಮುದಕವ್ವನ ತವರಿನ ಹೆಂಗಸರ ನಂಬಿಕೆ. ಮುದಕವ್ವ ತಾನೂ ಹಾಗೆ ಮಾಡಿಯೇ ಶಿವಪುತ್ರನನ್ನು ಹಡೆದೆನೆಂದು ನಂಬಿದವಳು. ಅದಕ್ಕೆ ಇರುವುದು ಒಂದೇ ಕಟ್ಟಳೆ. ಬಸಿರು ನಿಲ್ಲುವ ತನಕ ಬಾಯಿ ಬಿಡಬಾರದು, ಕಟ್ಟಿಕೊಂಡ ಗಂಡನ ಮುಂದೆ ಸಹ. ಬಿಟ್ಟರೆ ಫಲ ಹೋಯಿತು. ಸರಿತಾ ತಾನಾಗಿ ಆ ಕೋಣೆಗೆ ಹೋದವಳಲ್ಲ. ಮುದಕವ್ವನೇ ಕೈ ಹಿಡಿದು ಕರೆದೊಯ್ದು, ಬಾಗಿಲಲ್ಲಿ ಕಾವಲು ನಿಂತು, "ಹೂಂ, ಲಗೂ ತಗೋ" ಅಂದವಳು. ಮೂಲೆಯಲ್ಲಿ ಕ್ಯಾಮೆರಾ ಇತ್ತೆಂದು ಇಬ್ಬರಿಗೂ ತಿಳಿಯಲಿಲ್ಲ.

ಗಂಡ ಹೋದ ಮೇಲೆ ಸರಿತಾ ಅತ್ತೆಯ ಮುಂದೆ ಕುಕ್ಕರಿಸಿದಳು.

"ಅತ್ತಿ, ನೀವರ ಅವರಿಗೆ ಹೇಳ್ರಿ."

"ಹುಚ್ಚಿ ಅದಿಯೇನ? ಹೇಳಿದ್ರ ಮುಗದ ಹೋತಲ್ಲ. ಈ ಸರ್ತೆ ನಿಲ್ಲತೈತಿ ಅಂತ ನನ್ನ ಮನಸು ಹೇಳತೈತಿ."

"ನನ್ನ ಕಳ್ಳಿ ಅನ್ನಾಕತ್ತಾರಲ್ರಿ."

"ಅನ್ಲಿ. ಬೋರಮಾಳ ಅವರ ಮನ್ಯಾಗ ಸಿಗತೈತಿ. ಮದವಿ ಮನ್ಯಾಗ ಇಟ್ಟದ್ದು ಒಂದು ಕಡೆ, ಹುಡುಕೂದು ಒಂದು ಕಡೆ. ನೀ ಬಾಯಿ ಮುಚ್ಕೊಂಡು ರೊಟ್ಟಿ ಮಾಡು."

ಸರಿತಾ ಮುಚ್ಚಿಕೊಂಡಳು. ಅತ್ತೆಗೆ ಹೆದರಿ ಅಂದರೆ ಪೂರ್ತಿ ಖರೆಯಾಗುವುದಿಲ್ಲ. ಆಸೆ ಅವಳಿಗೂ ಇತ್ತು, ಅತ್ತೆಗಿಂತ ಒಂದು ತೂಕ ಹೆಚ್ಚೇ ಇತ್ತು.

ಸಂಜೆ ಯಲ್ಲಾಲಿಂಗ ಗೋಕಾಕದಿಂದ ಬಂದವನು ಅತ್ತಿಗೆಯನ್ನು ಕಂಡು ಅಡುಗೆಮನೆಯ ಹೊಸ್ತಿಲಲ್ಲೇ ನಿಂತ.

"ವೈನೀ, ಖರೇನ ಅದು ನೀವು ಅಂತ ನನಗ ಗೊತ್ತಿದ್ದಿಲ್ಲ."

"ಗೊತ್ತಿದ್ದಿದ್ರ?"

"ಹಾಕ್ತಿದ್ದಿಲ್ಲ ಬಿಡ್ರಿ."

"ಅಂದ್ರ ಮಂದಿ ಹೆಣ್ಮಕ್ಕಳಿಗೆ ಹಾಕಿದ್ರ ನಡೀತಿತ್ತು?"

ಅವನು ಅಂಗಳಕ್ಕೆ ಹೋಗಿ ಫೋನು ಹಚ್ಚಿದ. ಗುಂಪಿನಿಂದ ತೆಗೆಯಿರೆಂದು ಮಾಮಾನಿಗೆ ಹೇಳಿದ. ಬೋರಮಾಳ ಬರಲಿ, ತೆಗೆಯುತ್ತೇನೆ ಅಂದ ಮಾಮಾ. ತೆಗೆದಿದ್ದರೂ ಅಷ್ಟೇ. ಅಷ್ಟರಲ್ಲಿ ಅದು ಹುಕ್ಕೇರಿಯಿಂದ ಮೂಡಲಗಿ, ಮೂಡಲಗಿಯಿಂದ ಮಸಗುಪ್ಪಿ, ಅಲ್ಲಿಂದ ತಿರುಗಿ ಕೊಣ್ಣೂರಿನ ಡೇರಿಯ ತನಕ ಬಂದು ಮುಟ್ಟಿತ್ತು. ಯಾರೋ ಪುಣ್ಯಾತ್ಮ ಅದಕ್ಕೊಂದು ಹಾಡನ್ನೂ ಜೋಡಿಸಿದ್ದ. ಬೆಳಿಗ್ಗೆ ಹಾಲು ಹಾಕಲು ಹೋದ ಸರಿತಾಳನ್ನು ಕಂಡು ಒಬ್ಬಳು, "ಬಂದ್ಳವ್ವಾ, ಬಳಿ ಹಿಡ್ಕೋರಿ," ಅಂದಳು. ಉಳಿದವರು ಸೆರಗು ಅಡ್ಡ ಹಿಡಿದು ನಕ್ಕರು. ಸರಿತಾ ಹಾಲು ಅಳೆಸಿ, ಕ್ಯಾನು ತೊಳೆದುಕೊಂಡು, ತಲೆ ಎತ್ತಿಕೊಂಡೇ ಬಂದಳು. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು.

ಮನೆಯೊಳಗೆ ಯಾರೂ ಏನೂ ಅನ್ನಲಿಲ್ಲ. ಅನ್ನದೆಯೇ ಎಲ್ಲ ನಡೆಯಿತು. ಗೋಡೆಯ ಮೊಳೆಗೆ ತೂಗುತ್ತಿದ್ದ ತಿಜೋರಿಯ ಕೀಲಿ ಮಾವ ಶಿದ್ಲಿಂಗಪ್ಪನ ಉಡದಾರಕ್ಕೆ ಹೋಯಿತು. ಶಿವಪುತ್ರ ಪಡಸಾಲೆಯಲ್ಲಿ ಹಾಸಿಕೊಂಡ. ಊಟಕ್ಕೆ, "ಅವ್ವಾ, ನೀ ಹಾಕು," ಅನ್ನತೊಡಗಿದ. ಸರಿತಾ ಮಾಡಿದ ರೊಟ್ಟಿಯನ್ನು ಮುದಕವ್ವ ಹಾಕುವುದು, ಅವನು ತಿನ್ನುವುದು. ಮಾಡಿದ ಕೈ ಬೇಡ, ರೊಟ್ಟಿ ಬೇಕು. ಗಂಡಸರ ಈ ಲೆಕ್ಕ ನನಗಂತೂ ಈವರೆಗೆ ತಿಳಿದಿಲ್ಲ.

ಒಂದು ದಿನ ಸರಿತಾಳ ಅಣ್ಣ ಸತ್ಯಪ್ಪ ಮಸಗುಪ್ಪಿಯಿಂದ ಮೋಟಾರ್‌ಸೈಕಲ್ ಹಾಕಿಕೊಂಡು ಬಂದ. ಮುದಕವ್ವ ತಂಬಿಗೆಯಲ್ಲಿ ನೀರು ಕೊಟ್ಟಳು. ಅವನು ಮುಟ್ಟಲಿಲ್ಲ.

"ಸರಿತಾ, ಅರಿಬಿ ಕಟ್ಕೋ. ನಡಿ."

"ನಾ ಬರಂಗಿಲ್ಲಣ್ಣಾ."

"ಇಷ್ಟಾದ ಮ್ಯಾಲೂ ಇಲ್ಲೇ ಇರ್ತೀಯೇನು? ಅವ್ವ ಉಣಲಾರದ ಕುಂತಾಳ ಅಲ್ಲೆ."

"ಈಗ ನಾ ಎದ್ದು ಬಂದ್ರ ಆ ಸುತ್ತು ಖರೆ ಆಗತೈತಿ. ನನ್ನ ಹೆಸರು ತೊಳಕೊಂಡ ಮ್ಯಾಲ ಬೇಕಾದ್ರ ಬರ್ತೀನಿ."

ಸತ್ಯಪ್ಪ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ ಶಿವಪುತ್ರನ ಕಡೆ ತಿರುಗಿದ.

"ಭಾವಾರ, ನೀವರ ಹೇಳ್ರಿ. ನನ್ನ ತಂಗಿ ಕಳ್ಳಿ ಅಂತ ನಂಬ್ತೀರೇನು?"

"ಆಕಿ ಬಾಯಿ ಬಿಡವಲ್ಲಳು. ನಾ ಏನು ಮಾಡ್ಲಿ?"

"ಅದಲ್ರಿ. ಹೌದ, ಇಲ್ಲ, ಎರಡರಾಗ ಒಂದು ಹೇಳ್ರಿ."

ಶಿವಪುತ್ರ ಹೆಗಲ ಮೇಲಿನ ಟವೆಲು ಕೊಡವಿ, ಕರೆಂಟು ಬಂತು, ಮೋಟಾರು ಚಾಲೂ ಮಾಡಬೇಕು ಎಂದು ಹೊಲದ ದಾರಿ ಹಿಡಿದ. ಆಗ ಕರೆಂಟು ಬಂದಿರಲಿಲ್ಲ. ಅದು ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಣ್ಣ ಹೋದ ಮೇಲೆ ಸರಿತಾ ಹಿತ್ತಿಲಿಗೆ ಹೋಗಿ ಸೆಗಣಿ ಕಲಸಿ ಕುಳ್ಳು ತಟ್ಟಿದಳು. ತಟ್ಟುವ ಸಪ್ಪಳ ಬೀದಿಗೆ ಕೇಳುತ್ತಿತ್ತು.

ಯಲ್ಲಾಲಿಂಗನಿಗೆ ತಿಂದದ್ದು ಮೈಗೆ ಹತ್ತದಂತಾಯಿತು. ವೈನಿ ಈಗ ಅವನಿಗೆ ಬೈಯುತ್ತಿರಲಿಲ್ಲ, ಬುತ್ತಿ ಕಟ್ಟಿ ಕಿಟಕಿಯಲ್ಲಿಟ್ಟು ಒಳಗೆ ಹೋಗುತ್ತಿದ್ದಳು. ಬೈದಿದ್ದರೆ ಬೇಕಿತ್ತು. ಸ್ಟುಡಿಯೊದ ಮಾಲೀಕ ಊಟಕ್ಕೆ ಹೋದಾಗ ಅವನು ಕತ್ತರಿಸದ ಮೂಲ ವಿಡಿಯೊವನ್ನು ತೆರೆದ. ಪೂರ್ತಿ ಕೋಣೆ ಕಂಡಿತು. ಅಲ್ಲಿ ತಾಟು, ಇಲ್ಲಿ ವೈನಿ. ಮತ್ತು ತಾನು ಕತ್ತರಿಸಿ ಒಗೆದಿದ್ದ ಎಡಗಡೆಯ ತುಂಡಿನಲ್ಲಿ, ಬಾಗಿಲಿಗೆ ಅಡ್ಡವಾಗಿ, ಹೊರಗೊಮ್ಮೆ ಒಳಗೊಮ್ಮೆ ನೋಡುತ್ತ ನಿಂತವಳು ತನ್ನ ಅವ್ವ. ಅವ್ವ ಕೈ ಬೀಸುತ್ತಾಳೆ, ವೈನಿ ತಾಟಿಗೆ ಕೈ ಹಾಕುತ್ತಾಳೆ.

ಅಲ್ಲಿಗೇ ಬಂದ್ ಮಾಡಿದ. ಪೂರ್ತಿ ವಿಡಿಯೊ ಪೆನ್‌ಡ್ರೈವಿಗೆ ಹಾಕಿಕೊಂಡು, ಹೊಟ್ಟೆನೋವೆಂದು ಸುಳ್ಳು ಹೇಳಿ ಬಸ್ಸು ಹತ್ತಿದ. ನೋಡಿ, ಎರಡನೆಯ ಸಲವೂ ಸಿಕ್ಕಿದಲ್ಲಿಗೇ ನಿಲ್ಲಿಸಿದ ಮಹಾರಾಯ.

ಮುದಕವ್ವ ಎಮ್ಮೆ ಹಿಂಡುತ್ತಿದ್ದಳು.

"ಅವ್ವಾ, ಬಾಗಲದಾಗ ನೀ ನಿಂತಿದ್ದಿ."

ಹಾಲಿನ ಸಪ್ಪಳ ನಿಂತಿತು.

"ಯಾವ ಬಾಗಲ?"

"ಹುಕ್ಕೇರ್ಯಾಗ. ವೈನಿ ತಾಟಿಗೆ ಕೈ ಹಾಕಿದಾಗ. ನೀನ ಕೈ ಮಾಡಿ ಹೇಳಿದ್ದು ಚೊಲೋತಂಗ ಕಾಣತೈತಿ. ಏನದು? ಇಬ್ರೂ ಕೂಡೇ ಏನ್ ತಗೊಂಡ್ರಿ?"

"ಬಂಗಾರ ಅಲ್ಲ."

"ಮತ್ತ?"

"ಬಂಗಾರಕ್ಕಿಂತ ದೊಡ್ಡದು. ಹೇಳಿದ್ರ ಹೋಗತೈತಿ. ಕೇಳಬ್ಯಾಡ." ಮುದಕವ್ವ ಮಗನ ಮುಖ ನೋಡಿ ದನಿ ತಗ್ಗಿಸಿದಳು. "ನನ್ನ ಅಳಿಸಿಬಿಡು."

"ಏನು?"

"ಅದರಾಗಿಂದ ನನ್ನ ಅಳಿಸು. ಸುತ್ತು ಹಾಕಾಕ ಬರತೈತಿ, ಅಳಸಾಕ ಬರಂಗಿಲ್ಲೇನು?"

"ಬರತೈತಿ," ಅಂದ ಯಲ್ಲಾಲಿಂಗ. "ನೀ ನಿಂತಲ್ಲಿ ಬರೇ ಬಾಗಲ ಕಾಣೂಹಂಗ ಮಾಡಾಕ ಬರತೈತಿ."

"ಮತ್ಯಾಕ ತಡ?"

"ವೈನೀನ ಏನು ಮಾಡ್ಲಿ ಅವ್ವಾ? ಆಕಿ ಒಬ್ಬಾಕಿನ ಉಳೀತಾಳ."

ಮುದಕವ್ವ ಮತ್ತೆ ಹಿಂಡತೊಡಗಿದಳು. ಎಮ್ಮೆ ಆ ಹೊತ್ತು ಹಾಲು ಏರಿಸಿಕೊಂಡುಬಿಟ್ಟಿತು. ಯಲ್ಲಾಲಿಂಗ ಅಳಿಸಲೂ ಇಲ್ಲ, ತೋರಿಸಲೂ ಇಲ್ಲ. ಪೆನ್‌ಡ್ರೈವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ.

ಆ ರವಿವಾರ ಕಾಶಿನಾಥ ಇಬ್ಬರು ಹಿರಿಯರನ್ನು ಕರೆದುಕೊಂಡು ಕೊಣ್ಣೂರಿಗೆ ಬಂದ. ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಕಾಶಿನಾಥ ಸಣ್ಣ ಪೊಟ್ಟಣವೊಂದನ್ನು ಬಿಚ್ಚಿ ಮುಂದಿಟ್ಟ. ಮಠದಿಂದ ತಂದ ವಿಭೂತಿ.

"ಭಾವಾರ, ಅಕ್ಕಾ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ," ಅಂದ. "ಖರೆ ನನ್ನ ಮಗಳ ಸಂಕಟ ನನಗ ಗೊತ್ತು. ಬೋರಮಾಳ ಎಲ್ಲೈತಿ ಅಂತ ಆಕಿ ಅತ್ತಿ ದಿನಾ ಕೇಳ್ತಾಳಂತ. ಕೊಡೂದು ಮನಸಿದ್ದಿಲ್ಲ, ಕಳವಿನ ಕತಿ ಕಟ್ಟ್ಯಾರ ಅಂತಾಳಂತ. ಸರಿತಾ ಇದನ್ನ ಮುಟ್ಟಿ ಹೇಳ್ಲಿ. ಮುಗಸೂಣು."

ಸರಿತಾ ಮುಂದೆ ಬಂದಳು. "ಮುಟ್ಟಿ ಹೇಳ್ತೀನ್ರಿ. ಬೋರಮಾಳಕ್ಕ ನಾ ಕೈ ಹಚ್ಚಿಲ್ಲ."

"ಹಂಗಲ್ಲವ್ವಾ. ಉಡ್ಯಾಗ ಏನು ಹಾಕ್ಕೊಂಡಿ ಅದನ್ನೂ ಹೇಳಬೇಕು. ನಾವೆಲ್ಲಾ ಕಣ್ಣಾರೆ ನೋಡೇವಿ."

ಸರಿತಾಳ ಕೈ ವಿಭೂತಿಯ ಮೇಲೆ ಬಂದು ನಿಂತಿತು. ಅವಳು ಅತ್ತೆಯನ್ನು ನೋಡಿದಳು. ಮುದಕವ್ವ ನೆಲ ನೋಡುತ್ತಿದ್ದಳು.

"ಅದನ್ನ ಹೇಳಂಗಿಲ್ರಿ."

ಶಿದ್ಲಿಂಗಪ್ಪ ಅಷ್ಟು ದಿನ ತಡೆದಿಟ್ಟದ್ದನ್ನು ಬಿಟ್ಟ. "ಹೇಳಬೇಕವ್ವಾ. ಹೇಳೂದಿಲ್ಲಂದ್ರ ಇವತ್ತ ತವರಮನಿಗೆ ನಡಿ. ಈ ಮನಿ ಹೆಸರು ಡೇರಿಯಾಗ ಕುಣ್ಯಾಕತ್ತೈತಿ. ಶಿವಪುತ್ರ, ನೀ ಏನಂತಿ?"

"ಅಪ್ಪ ಹೇಳಿದಂಗ," ಅಂದ ಶಿವಪುತ್ರ.

ಸರಿತಾ ಗಂಡನನ್ನು ನೋಡಿದಳು. ಅವನು ಹಿರಿಯರ ಚಪ್ಪಲಿಗಳನ್ನು ನೋಡುತ್ತಿದ್ದ.

ಯಲ್ಲಾಲಿಂಗ ಮೂಲೆಯಿಂದ ಎದ್ದ. ಟಿ.ವಿ.ಯ ಹಿಂದೆ ಕೈ ಹಾಕಿ ಪೆನ್‌ಡ್ರೈವ್ ಚುಚ್ಚಿದ. "ಎಲ್ಲಾರೂ ಒಮ್ಮಿ ನೋಡ್ರಿ. ಇದರಾಗ ಸುತ್ತಿಲ್ಲ, ಬಾಣಿಲ್ಲ. ಕ್ಯಾಮೆರಾ ಕಂಡದ್ದಷ್ಟ."

ಟಿ.ವಿ.ಯ ತುಂಬ ಹುಕ್ಕೇರಿಯ ಕೋಣೆ ಬಂತು. ಗಿಳಿಹಸಿರು ಸೀರೆ ತಾಟಿನ ಕಡೆ ನಡೆಯಿತು. ಬಾಗಿಲಲ್ಲಿ ಮುದಕವ್ವ ಕಂಡಳು. ಕೈ ಬೀಸಿದಳು.

"ಅಕ್ಕಾ!" ಕಾಶಿನಾಥ ಅರ್ಧ ಎದ್ದ. "ನೀನೂ? ಅತ್ತಿ ಸೊಸಿ ಕೂಡಿ ನನ್ನ ಮನಿ ತೊಳದ್ರೇನು?"

"ಏ!" ಮುದಕವ್ವ ಎದ್ದು ನಿಂತಳು. "ನಾಲಿಗಿ ಹಿಡದು ಮಾತಾಡು."

"ಅತ್ತಿ, ಬ್ಯಾಡ್ರಿ," ಸರಿತಾ ಓಡಿ ಹೋಗಿ ಅತ್ತೆಯ ಕೈ ಹಿಡಿದಳು. "ಇಷ್ಟು ದಿನ ತಡದೀವಿ. ನಾ ತವರಿಗೆ ಹೋಗ್ತೀನಿ ಬೇಕಾದ್ರ. ಹೇಳಬ್ಯಾಡ್ರಿ."

"ಬಿಡವ್ವಾ. ನೀ ಈ ಮನಿ ಬಿಟ್ಟು ಹೋದ ಮ್ಯಾಲ ಆ ಕೂಸು ಯಾರ ಹೊಟ್ಟ್ಯಾಗ ಬರಬೇಕು?" ಮುದಕವ್ವ ತಮ್ಮನ ಕಡೆ ತಿರುಗಿದಳು. "ಅಕ್ಕಿ ತಗೊಂಡಾಳೋ ಕಾಶೀ. ಒಂದು ಹಿಡಿ ಅಕ್ಕಿ, ಒಂದು ಅರಿಷಿಣ ಕೊಂಬು. ನಮ್ಮವ್ವ ನನ್ನ ಕಡಿಂದ ತಗಸಿದ್ಲು. ನಾ ನನ್ನ ಸೊಸಿ ಕಡಿಂದ ತಗಸಿದ್ನಿ. ಮಕ್ಕಳಾಗ್ಲಿ ಅಂತ. ಬಾಯಿ ಬಿಟ್ರ ಫಲಾ ಇಲ್ಲಂತ ಈ ಹುಡುಗಿ ಕಳ್ಳಿ ಅನಿಸ್ಕೊಂಡು ಸುಮ್ಮಕಿದ್ಲು. ನಾನೂ ಮೂಕಿ ಆಗಿ ಕುಂತಿದ್ನಿ, ಮುದಿ ಕತ್ತಿ. ಈಗ ಬಾಯಿ ಬಿಟ್ಟೇನಿ. ಹೋತು. ಎಲ್ಲಾರಿಗೂ ಸಮಾಧಾನ ಆತೇನು?"

ಸರಿತಾ ನಿಂತಲ್ಲೇ ಕುಸಿದು ಗಟ್ಟಿಯಾಗಿ ಅತ್ತಳು. ಅಷ್ಟು ವಾರಗಳಲ್ಲಿ ಅವಳು ನಾಲ್ಕು ಮಂದಿಯ ಮುಂದೆ ಅತ್ತದ್ದು ಅದೇ ಮೊದಲು. ಕಳ್ಳಿ ಎಂದಾಗ ಯಾರೆದುರೂ ಅಳದವಳು, ಕಳ್ಳಿ ಅಲ್ಲವೆಂದು ತಿಳಿದ ಗಳಿಗೆಯಲ್ಲಿ ಅತ್ತಳು. ಶಿವಪುತ್ರನ ಮುಖ ಸುಣ್ಣವಾಗಿತ್ತು. ಹಿರಿಯರಲ್ಲೊಬ್ಬರು ಸುಮ್ಮನೆ ಕೆಮ್ಮಿದರು.

ಟಿ.ವಿ. ಬಂದ್ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದು ತನ್ನ ಪಾಡಿಗೆ ಓಡುತ್ತಿತ್ತು. ಸರಿತಾ, ಮುದಕವ್ವ ಹೊರಗೆ ಹೋದ ಮೇಲೆ ಕೋಣೆ ಖಾಲಿ ಉಳಿಯಿತು. ತಾಟಿನ ಅಂಚಿಗೆ ಹಳದಿಯ ಗುಂಡುಗಳು ಮಿಂಚುತ್ತಿದ್ದವು.

"ಮಾಮಾ," ಅಂದ ಯಲ್ಲಾಲಿಂಗ. "ಮಾಮಾ, ಬೋರಮಾಳ ಅಲ್ಲೇ ಐತಿ."

ಎಲ್ಲರ ತಲೆಗಳೂ ತಿರುಗಿದವು. ಕಾಶಿನಾಥನ ಹೆಂಡತಿ ರಾಜೇಶ್ವರಿ ಕೋಣೆಗೆ ಬಂದಳು. ಬೋರಮಾಳ ನೋಡಿ ಹೌಹಾರಿ, ಯಾರಿಟ್ಟರಪ್ಪ ಇದನ್ನು ಹೀಗೆ ಬಯಲಿಗೆ ಎನ್ನುವಂತೆ ಅತ್ತಿತ್ತ ನೋಡಿ, ತಾಟಿನ ಮೇಲಿದ್ದ ಒಂದು ನೀಲಿ ಕಣದಲ್ಲಿ ಅದನ್ನು ಸುತ್ತಿ, ಗೋಡೆಗಿದ್ದ ಟ್ರಂಕಿನೊಳಗೆ ಕಣಗಳ ರಾಶಿಯ ನಡುವೆ ತುರುಕಿದಳು. ಹೊರಗೆ ಯಾರೋ ಕರೆದಂತಾಗಿ ಓಡಿದಳು. ಮದುವೆ ಗದ್ದಲದಲ್ಲಿ ಮರೆತಳು.

ಕಾಶಿನಾಥ ಬೆವರು ಒರೆಸಿಕೊಂಡು ಅಲ್ಲಿಂದಲೇ ಫೋನು ಹಚ್ಚಿದ.

"ಆ ಟ್ರಂಕಿನಾಗ ಕಣದ ನಡುವ ನೋಡು... ನೀಲಿದು... ನೋಡು ಅಂದ್ರ ನೋಡು, ಯಾಕ ಏನು ಅಂತ ಕೇಳಬ್ಯಾಡ!"

ಸ್ವಲ್ಪ ಹೊತ್ತಿನ ಮೇಲೆ ಫೋನಿನೊಳಗಿಂದ ರಾಜೇಶ್ವರಿಯ ಚೀರು ಪಡಸಾಲೆಗೆಲ್ಲ ಕೇಳಿತು. "ಅಯ್ಯ ಶಿವನ! ಇಲ್ಲೇ ಐತ್ರೀ!"

ಪಡಸಾಲೆಯ ಉಸಿರು ಒಮ್ಮೆಗೇ ಸಡಿಲಾಯಿತು. ಕಾಶಿನಾಥ ನಕ್ಕ. ಹಿರಿಯರು ನಕ್ಕರು. "ಸಿಕ್ತಲ್ಲಪಾ, ಛಲೋ ಆತು," "ಆಗತೈತಿ, ಮದವಿ ಮನಿ ಅಂದ್ರ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ವಿಭೂತಿಯ ಪೊಟ್ಟಣ ತಿರುಗಿ ಕಾಶಿನಾಥನ ಜೇಬಿಗೆ ಹೋಯಿತು.

"ಸರಿತಾ, ಎಲ್ಲಾರಿಗೂ ಚಾ ಮಾಡವ್ವಾ," ಅಂದ ಶಿದ್ಲಿಂಗಪ್ಪ, ಏನೂ ಆಗಿಯೇ ಇಲ್ಲವೆಂಬಂತೆ.

ಸರಿತಾ ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಗುಂಪಿನಾಗಿಂದು ಏನು ಮಾಡ್ತೀರಿ ಮಾವಾರ?" ಎಂದು ಕಾಶಿನಾಥನನ್ನು ಕೇಳಿದಳು.

"ಈಗ ಅಳಿಸಿಬಿಡ್ತೀನಿ ತಗೋ."

"ಅಳಿಸಿದ್ರ ನೋಡಿದವರ ಕಣ್ಣಾಗಿಂದು ಹೋಗತೈತೇನ್ರಿ? ಸಿಕ್ಕೈತಿ ಅಂತ ತೋರಸ್ರಿ."

ಕಾಶಿನಾಥ ಮುಖ ಗಂಟು ಹಾಕಿದ. "ಅದು ಹೆಂಗ ಬರತೈತಿ? ಅದರಾಗ ನಮ್ಮ ರಾಜೇಶ್ವರಿ ಅದಾಳ. ನಾಕು ಮಂದಿ ಆಕಿ ಮಾರಿ ನೋಡಿ ಆಡ್ಕೋತಾರ. ಮನಿ ಹೆಣ್ಮಗಳ ಮಾನದ ಪ್ರಶ್ನಿ ಅದು."

ಹೇಳಿದ ಮೇಲೆ ಅವನಿಗೇ ತಾನು ಏನು ಹೇಳಿದೆನೆಂದು ಕೇಳಿಸಿರಬೇಕು. ಸರಿತಾಳ ಕಣ್ಣು ಅವನ ಮೇಲಿಂದ ಸರಿಯಲಿಲ್ಲ.

"ಅವರ ಮಾರಿ ಬ್ಯಾಡ್ರಿ," ಅಂದಳು ಕೊನೆಗೆ. "ಯಾವ ಹೆಣ್ಮಗಳ ಮಾರೀನೂ ಬ್ಯಾಡ. ಅತ್ತ್ಯಾರದೂ ಬ್ಯಾಡ. ನೀವ ಕುಂದರ್ರಿ. ಯಲ್ಲಾಲಿಂಗ, ಮೊಬೈಲ್ ತಗಿ."

ಕಾಶಿನಾಥ ಅಕ್ಕನ ಮುಖ ನೋಡಿದ. ಮುದಕವ್ವ ಒಂದು ಕುರ್ಚಿ ಎಳೆದು ತಂದು ಕಿಟಕಿಯ ಬೆಳಕಿಗೆ ಹಾಕಿದಳು. ಅವನು ಕುಳಿತುಕೊಳ್ಳಬೇಕಾಯಿತು. ಯಲ್ಲಾಲಿಂಗ ಮೊಬೈಲು ಹಿಡಿದ.

"ಬಂಧುಗಳೇ, ಮದವಿ ಗದ್ದಲದಾಗ ಒಂದು ಸಣ್ಣ ತಪ್ಪು ತಿಳುವಳಿಕಿ ಆಗಿ..."

"ಸಣ್ಣದಲ್ರಿ," ಅಂದಳು ಸರಿತಾ. "ಮತ್ತ ಮೊದಲಿಂದ."

"ಬಂಧುಗಳೇ, ಬೋರಮಾಳ ನಮ್ಮ ಮನ್ಯಾಗ ಸಿಕ್ಕೈತಿ. ಕೊಣ್ಣೂರ ಸೊಸಿ ಮ್ಯಾಲ..."

"ನನಗ ಹೆಸರೈತಿ. ಸುತ್ತು ಹಾಕಿದಾಗ ಎಲ್ಲಾರೂ ಹೆಸರು ಹಿಡದಾರ."

ಕಾಶಿನಾಥ ಗಂಟಲು ಸರಿಪಡಿಸಿಕೊಂಡ. ಕಣ್ಣು ಕೆಳಗಿತ್ತು. "ಸರಿತಾ ಕಳವು ಮಾಡಿಲ್ಲ. ಸರಿತಾ ಮ್ಯಾಲ ಕಳವು ಹಾಕಿದಾಂವ ನಾನು, ಕಾಶಿನಾಥ. ನಂದು ತಪ್ಪಾಗೇತಿ."

"ಕಳಸು," ಅಂದಳು ಸರಿತಾ ಮೈದುನನಿಗೆ. ಅವನು ಕಳಿಸಿದ. ಜಮಖಾನೆಯ ಮೇಲೆ ಕುಳಿತವರ ಜೇಬುಗಳಲ್ಲಿ ಒಂದರ ಹಿಂದೊಂದು ಮೊಬೈಲುಗಳು ಗುಂಯ್‌ಗುಟ್ಟಿದವು.

ಮುದಕವ್ವ ಚಹಾ ಇಡಲು ತಾನೇ ಒಳಗೆ ಹೋದಳು. ಹಿರಿಯರು ಹೊರಡುವ ಸನ್ನೆ ಮಾಡಿದರು. ಕಾಶಿನಾಥ ಕುರ್ಚಿಯಿಂದ ಎದ್ದ. ಶಿವಪುತ್ರ ಕಂಬ ಬಿಟ್ಟು ಹೆಂಡತಿಯ ಹತ್ತಿರ ಬಂದು ಮೆಲ್ಲಗೆ, "ಸರಿತಾ, ಏಳು, ಒಳಗ ನಡಿ. ಮುಗೀತಲ್ಲ," ಅಂದ.

ಸರಿತಾ ಅವನನ್ನು ನೋಡಿದಳು. ಆಮೇಲೆ ಖಾಲಿಯಾದ ಕುರ್ಚಿಯನ್ನು ನೋಡಿದಳು.

"ಯಲ್ಲಾಲಿಂಗ, ಮೊಬೈಲ್ ಕೆಳಗಿಡಬ್ಯಾಡ," ಅಂದಳು. "ನೀವೂ ಕುಂದರ್ರಿ."

ಶಿವಪುತ್ರ ಅಪ್ಪನ ಕಡೆ ನೋಡಿದ. ಅಪ್ಪ ಬೇರೆಲ್ಲೋ ನೋಡುತ್ತಿದ್ದ. ಅವನು ಹೋಗಿ ಕುರ್ಚಿಯ ತುದಿಗೆ ಕುಳಿತ. ಕಿಟಕಿಯ ಬೆಳಕು ನೇರ ಮುಖಕ್ಕೆ ಬಿತ್ತು. ಬಾಯಿ ತೆರೆದ, ಮಾತು ಬರಲಿಲ್ಲ. ಯಲ್ಲಾಲಿಂಗ ಕೈ ಇಳಿಸಲು ಹೋದ.

"ಹಿಡಿ," ಅಂದಳು ಸರಿತಾ. "ಎಷ್ಟೊತ್ತಾಗತೈತಿ ಆಗ್ಲಿ."